ಮಳೆಯಲ್ಲಿ ಬೆಟ್ಟ ಹತ್ತಲು: ಪಾಂಚೋನಾ, ರೇನ್ ಜಾಕೆಟ್ಟಾ?

ಗೆಳೆಯರ ಜೊತೆ ಮಳೆಯಲ್ಲಿ ಬೆಟ್ಟ ಹತ್ತಲು ಹೊರಟಿದ್ದೀರಾ? ಹಾಗಾದರೆ ಮೊದಲು ದಾರಿ ಎಂಥದ್ದು ಅಂತ ತಿಳಿದುಕೊಳ್ಳಿ.

ಅಗಲವಾದ ಕಾಲುದಾರಿ, ಗಾಳಿಯೂ ಕಡಿಮೆ ಅಂದರೆ ಪಾಂಚೋ, ಅಂದರೆ ತಲೆಯ ಮೇಲಿಂದ ಹಾಕಿ ಇಳಿಬಿಡುವ ಅಗಲವಾದ ಮಳೆಹೊದಿಕೆ, ಸಾಕು. ಬೆನ್ನಿನ ಬ್ಯಾಗೂ ಅದರೊಳಗೇ ಅಡಗುತ್ತದೆ. ಕೆಳಗಿನಿಂದ ಗಾಳಿಯಾಡುವುದರಿಂದ ಬೆವರೂ ಕಡಿಮೆ.

ಬಂಡೆ ಹತ್ತುವಾಗ ಅದೇ ಪಾಂಚೋ ಕಾಟ ಕೊಡುತ್ತದೆ. ಮುಂದಿನ ಅಂಚು ಮಂಡಿಯ ಮೇಲೆ ಜೋತುಬಿದ್ದು, ಪಾದ ಎಲ್ಲಿಡುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಬಯಲು ತುದಿಯಲ್ಲಿ ಗಾಳಿ ಬೀಸಿತೋ, ಎದ್ದು ರಪ್ಪನೆ ಮುಖಕ್ಕೇ ಬಡಿಯುತ್ತದೆ. ಅಲ್ಲಿ ಜಾಕೆಟ್ಟೇ ಸರಿ. ಒಳಗೆ ಬೆವರುವುದು ಜಾಸ್ತಿ, ಹಾಗಾಗಿ ಕಂಕುಳಲ್ಲಿ ಜಿಪ್ ಇರುವುದನ್ನು ಆರಿಸಿ. ಬ್ಯಾಗಿಗೆ ಬೇರೆ ಕವರ್ ಬೇಕು.

ನನ್ನ ಮತ ಜಾಕೆಟ್ಟಿಗೆ. ಜೊತೆಯವರು ಜಾರಿದರೆ ತಕ್ಷಣ ಕೈ ಚಾಚಬೇಕಲ್ವಾ? ಕೊಡೆ ಮಾತ್ರ ಸುಮ್ನೆ ಹೊರೆ.

ಯಾವುದನ್ನೇ ತೊಟ್ಟರೂ ಒಳಗೆ ಹತ್ತಿ ಬಟ್ಟೆ ಬೇಡ. 1000 ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಒದ್ದೆ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ತುದಿಯಲ್ಲಿ ಐದು ನಿಮಿಷ ಕೂತರೂ ಹಲ್ಲು ಕಟಕಟ ಅನ್ನುತ್ತದೆ.