ಬ್ಲೂಟೂತ್ ತೂಕದ ಮಷೀನ್: ತೂಕ ಸರಿ, ಉಳಿದದ್ದು ಬುರುಡೆ

ಮೂರು ತಿಂಗಳು ಬಳಸಿ ಬರೆಯುತ್ತಿದ್ದೇನೆ. ಬಾಕ್ಸ್ ಒಡೆದ ದಿನವೇ ಐದು ಸ್ಟಾರ್ ಕೊಟ್ಟವಳಲ್ಲ. ಕಂಪನಿ ಹೆಸರು ಹಾಕುವುದಿಲ್ಲ, ಯಾಕೆಂದರೆ ಕಾಲಿಗೆ ನಾಲ್ಕು ಸ್ಟೀಲ್ ಪಟ್ಟಿ ಇರುವ ಈ ಗಾಜಿನ ಮಷೀನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ. ₹1,399 ಕೊಟ್ಟೆ. ಕೊಡಗಿನ ಸುಂಟಿಕೊಪ್ಪದ ಆಚೆ ನಮ್ಮ ಮನೆಯವರೆಗೆ ಕೊರಿಯರ್ ಹುಡುಗ ಬರುವುದಿಲ್ಲ, ಪೇಟೆಯ ಒಂದು ಅಂಗಡಿಯಲ್ಲಿ ಇಟ್ಟು ಫೋನ್ ಮಾಡುತ್ತಾನೆ. ಅಲ್ಲಿಂದ ಜೂನ್ ಮಳೆಯಲ್ಲಿ ಕೊಡೆ ಒಂದು ಕೈಲಿ, ಇದು ಇನ್ನೊಂದು ಕೈಲಿ ಹಿಡಿದು ತಂದದ್ದು.

ತಂದ ಕಾರಣ ಹೇಳಿಬಿಡುತ್ತೇನೆ. ನನಗೆ 41 ವರ್ಷ, ಶಾಲೆಯಲ್ಲಿ ಟೀಚರ್, ಮೊದಲ ದಿನದ ತೂಕ 71.2 ಕೆಜಿ. ಶಾಲೆ ಶುರುವಾದ ವಾರವೇ ನಾನೂ ಶುರು ಮಾಡಿದೆ. ವಾರಕ್ಕೆ ಮೂರು ದಿನ ಕುಶಾಲನಗರದ ಒಂದು ಜಿಮ್, ಉಳಿದ ದಿನ ನಡಿಗೆ. ನಡಿಗೆ ಅಂದರೆ ರಸ್ತೆಯಲ್ಲಿ ಅಲ್ಲ, ಮಳೆ ಒಂದು ಕಡೆ, ಬೆಳಗಿನ ಜಾವ ತೋಟದಿಂದ ಇಳಿಯುವ ಆನೆ ಇನ್ನೊಂದು ಕಡೆ. ಹಾಗಾಗಿ ಕಾಫಿ ಮಾರಿ ಖಾಲಿಯಾಗಿದ್ದ ಗೋಡೌನ್ ಒಳಗೇ ಸುತ್ತು ಹಾಕುತ್ತಿದ್ದೆ, ಕೈದಿಯ ಹಾಗೆ. ಬೆಳಗಿನ ಅಕ್ಕಿ ರೊಟ್ಟಿ ಬಿಟ್ಟೆ, ಸಂಜೆಯ ಬೇಕರಿ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ. 16 ದಿನ ಕಟ್ಟುನಿಟ್ಟು.

16ನೇ ದಿನ ಹತ್ತಿ ನಿಂತರೆ 73.0.

ಇಳಿದು ಮತ್ತೆ ಹತ್ತಿದೆ, ಅದೇ 73.0. ಆಪ್ ತೆಗೆದರೆ ಕೆಂಪು ಬಾಣ, 'ದೇಹದ ಕೊಬ್ಬು 36.8ರಿಂದ 38.1 ಶೇಕಡಾ', ಕೆಳಗೆ 'ದೇಹದ ವಯಸ್ಸು 52'. ಅದರ ಕೆಳಗೆ ಕೊಬ್ಬು ಕರಗಿಸುವ ಪೌಡರ್ ಒಂದರ ಜಾಹೀರಾತು! ಹೆದರಿಸುವವನೂ ಇವನೇ, ಮದ್ದು ಮಾರುವವನೂ ಇವನೇ.

ಮೊದಲು ಮಷೀನ್ ಮೇಲೇ ಅನುಮಾನ ಬಂತು. 26 ಕೆಜಿಯ ಒಡೆಯದ ಅಕ್ಕಿ ಚೀಲ ಇಟ್ಟು ನೋಡಿದೆ, 26.1 ತೋರಿಸಿತು. ಅಲ್ಲಿಗೆ ತೂಕದ ವಿಷಯದಲ್ಲಿ ಇದು ಸುಳ್ಳು ಹೇಳುವುದಿಲ್ಲ ಅಂತಾಯಿತು. ಆದರೆ ನೆಲ ಮುಖ್ಯ. ನಮ್ಮದು ಹಳೇ ಮನೆ, ಅಡುಗೆಮನೆಯ ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಕುಸಿದಿದೆ, ಅಲ್ಲಿ ನಿಂತರೆ ಹಾಲ್‌ನ ಟೈಲ್ಸ್‌ಗಿಂತ 700 ಗ್ರಾಂ ಕಡಿಮೆ ಬರುತ್ತದೆ. (ಒಂದು ವಾರ ಅಲ್ಲೇ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.) ಚಾಪೆ, ಮ್ಯಾಟ್ ಮೇಲಂತೂ ಇಡಲೇಬೇಡಿ.

ಜಿಮ್‌ನ ಕೋಚ್‌ಗೆ ಹೇಳಿದೆ. 'ಮಸಲ್ ಬಂದಿದೆ ಮೇಡಂ, ಮಸಲ್ ಕೊಬ್ಬಿಗಿಂತ ಭಾರ ಅಲ್ವಾ' ಅಂದ. ಒಳ್ಳೇ ಹುಡುಗ, ಆದರೆ ಈ ಮಾತು ಎಲ್ಲ ಜಿಮ್‌ನಲ್ಲೂ ಕೊಡುವ ಮಿಠಾಯಿ. ಒಂದು ಕೆಜಿ ಮಸಲ್ ಕೂಡ ಒಂದು ಕೆಜಿಯೇ, ಅದೇ ತೂಕಕ್ಕೆ ಕಡಿಮೆ ಜಾಗ ಹಿಡಿಯುತ್ತದೆ ಅಷ್ಟೆ. 16 ದಿನದಲ್ಲಿ 1.8 ಕೆಜಿ ಮಸಲ್ ಕಟ್ಟುವುದು ನನ್ನಂಥವಳಿಂದ ಆಗುವ ಕೆಲಸವಲ್ಲ.

ಹಾಗಾದರೆ ಕೊಬ್ಬಾ? ಅದಕ್ಕೂ ಲೆಕ್ಕ ಹಾಕಿದೆ, ಗಣಿತದ ಟೀಚರ್ ಆಗಿ ಅಷ್ಟಾದರೂ ಮಾಡಬೇಡವೇ. ದೇಹದಲ್ಲಿ ಒಂದು ಕೆಜಿ ಕೊಬ್ಬು ಕೂರಬೇಕಾದರೆ ಸುಮಾರು 7,700 ಕ್ಯಾಲರಿ ಹೆಚ್ಚುವರಿ ಬೇಕು. 1.8 ಕೆಜಿಗೆ 13,860. 16 ದಿನಕ್ಕೆ ಹಂಚಿದರೆ ದಿನಕ್ಕೆ 866, ಅದೂ ಖರ್ಚಾಗುವುದರ ಮೇಲೆ. ಅಷ್ಟು ತಿಂದಿರಲಿಲ್ಲ ಅಂತ ಗೊತ್ತು. ಹಾಗಂತ ಏನೂ ಹೆಚ್ಚು ತಿಂದಿರಲಿಲ್ಲವಾ ಅಂದರೆ, ಆ ಕಥೆ ಆಮೇಲೆ.

ಉತ್ತರ ಸಿಕ್ಕಿದ್ದು ಮಾವನಿಂದ. ಊಟದ ಹೊತ್ತಿಗೆ ನನ್ನ ಮುಖ ನೋಡಿ ವಿಚಾರಿಸಿದರು, ಹೇಳಿದೆ. ಅವರು ಸಾರು ಕಲಸಿಕೊಳ್ಳುತ್ತಲೇ 'ಮಾಯಿಶ್ಚರ್ ಎಷ್ಟಮ್ಮಾ?' ಅಂದರು. ತಮಾಷೆ ಅಂದುಕೊಂಡೆ. 'ಅಲ್ಲಮ್ಮಾ, ಚೀಲ ಭಾರ ಇದೆ ಅಂತ ವ್ಯಾಪಾರಿ ದುಡ್ಡು ಕೊಡ್ತಾನಾ? ಮೊದಲು ಮಾಯಿಶ್ಚರ್ ಮೀಟರ್‌ಗೆ ಹಾಕ್ತಾನೆ. ಒಣಗದ ಕಾಫಿ ತೂಕಕ್ಕೇನು, ನೀರೇ ತೂಗೋದು.' ಕೊಡಗಿನಲ್ಲಿ ಹುಟ್ಟಿ ಬೆಳೆದೂ ಇದು ನನಗೆ ಹೊಳೆದಿರಲಿಲ್ಲ. ಚೆರ್ರಿ ಕಾಫಿಯ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ತೇವ ಶೇಕಡಾ 11ರ ಆಸುಪಾಸಿಗೆ ಇಳಿಯುವವರೆಗೆ ಕಣದಲ್ಲಿ ದಿನಾ ಮಗುಚಿ ಹಾಕುವ ಮನೆಯಲ್ಲೇ ಇದ್ದೇನೆ, ನನ್ನ ಮೈಗೆ ಮಾತ್ರ ಆ ಲೆಕ್ಕ ಬೇಡವೇ?

ಆಮೇಲೆ ಓದಿದೆ, ನಮ್ಮ ಡಾಕ್ಟರ್ ಹತ್ತಿರವೂ ಕೇಳಿದೆ. ಅಭ್ಯಾಸವಿಲ್ಲದ ಸ್ನಾಯುಗಳಿಗೆ ಏಕಾಏಕಿ ಕೆಲಸ ಕೊಟ್ಟರೆ ಸಣ್ಣ ಸಣ್ಣ ಪೆಟ್ಟಾಗುತ್ತದೆ, ರಿಪೇರಿಗೆ ಅಲ್ಲಿ ನೀರು ಬಂದು ನಿಲ್ಲುತ್ತದೆ. ಮೊದಲ ವಾರ ಸ್ಕ್ವಾಟ್ ಮಾಡಿ ಬಂದು ಶಾಲೆಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೆನಲ್ಲ, ಅದೇ. ಜೊತೆಗೆ ಕೆಲಸ ಮಾಡುವ ಸ್ನಾಯು ಗ್ಲೈಕೊಜನ್ ಅಂತ ಸಕ್ಕರೆಯ ದಾಸ್ತಾನು ಜಾಸ್ತಿ ಇಟ್ಟುಕೊಳ್ಳುತ್ತದೆ, ಅದರ ಪ್ರತಿ ಗ್ರಾಂಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡು ಬರುತ್ತದೆ. ಉಪ್ಪಿನಕಾಯಿ ಜಾಸ್ತಿಯಾದ ಮರುದಿನ ಇನ್ನಷ್ಟು ನೀರು. ಹೆಂಗಸರಿಗೆ ಮುಟ್ಟಿನ ಹಿಂದಿನ ವಾರ ಒಂದೆರಡು ಕೆಜಿ ಏರಿ ಇಳಿಯುವುದೂ ಉಂಟು. ನನ್ನ 16ನೇ ದಿನ ಸರಿಯಾಗಿ ಆ ವಾರದಲ್ಲೇ ಬಿದ್ದಿತ್ತು. ಆಪ್ ನನ್ನ ಫೋನ್ ನಂಬರ್ ಕೇಳಿತು, ಲೊಕೇಶನ್ ಕೇಳಿತು, ಇದನ್ನು ಮಾತ್ರ ಒಂದು ಸಲವೂ ಕೇಳಲಿಲ್ಲ.

ಡಾಕ್ಟರ್ ಥೈರಾಯ್ಡ್‌ಗೆ ಟಿಎಸ್‌ಎಚ್ ಟೆಸ್ಟ್ ಬರೆದರು, ನಾರ್ಮಲ್ ಬಂತು. ಬೇರೆ ಏನಾದರೂ ಮಾತ್ರೆ ತಗೋತೀರಾ ಅಂತಲೂ ಕೇಳಿದರು, ಸ್ಟೀರಾಯ್ಡ್‌ನಂಥ ಕೆಲವು ಔಷಧಿಗೂ ತೂಕ ಏರುತ್ತದಂತೆ. ಕಾಲು ಊದುವುದು, ಉಸಿರು ಕಟ್ಟುವುದು ಇದ್ದು ಎರಡು ಮೂರು ದಿನದಲ್ಲೇ ತೂಕ ದಿಢೀರ್ ಏರಿದರೆ ಮಾತ್ರ ಇಂಥ ಸಮಾಧಾನ ಹೇಳಿಕೊಂಡು ಮನೆಯಲ್ಲಿ ಕೂರಬೇಡಿ, ತಕ್ಷಣ ಬನ್ನಿ ಅಂದರು.

ಈಗ ಆ 'ಕೊಬ್ಬು ಶೇಕಡಾ' ಬುರುಡೆಗೆ ಬರೋಣ, ಈ ರಿವ್ಯೂ ಬರೆಯಲು ಕೂತದ್ದೇ ಅದಕ್ಕೆ. ಮಷೀನ್ ಒಂದು ಕಾಲಿನಿಂದ ಸಣ್ಣ ಕರೆಂಟ್ ಬಿಟ್ಟು ಇನ್ನೊಂದು ಕಾಲಿನಲ್ಲಿ ಹಿಡಿಯುತ್ತದೆ. ನೀರಿರುವ ಸ್ನಾಯುವಿನಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಅಳೆಯುವುದು ಆ ತಡೆಯನ್ನು ಮಾತ್ರ, ಅದೂ ಮುಖ್ಯವಾಗಿ ಕಾಲುಗಳಲ್ಲಿ. ಉಳಿದದ್ದು ನೀವು ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನೆಲ್ಲ ಸೂತ್ರಕ್ಕೆ ಹಾಕಿ ಮಾಡುವ ಅಂದಾಜು. ಹೊಟ್ಟೆಯಲ್ಲಿ ಎಷ್ಟಿದೆ ಅಂತ ಅದು ನೋಡಿಯೇ ಇರುವುದಿಲ್ಲ.

ಪರೀಕ್ಷೆ ಮಾಡಿದೆ. ಎರಡು ಲೋಟ, ಅಂದರೆ 500 ಎಂ.ಎಲ್. ನೀರು ಕುಡಿದು ಹತ್ತಿದೆ. ತೂಕ 73.5, ಸರಿ. ಕೊಬ್ಬು 38.1 ಇದ್ದದ್ದು 38.5! ಆಗಷ್ಟೇ ಕುಡಿದ ನೀರು ಹೊಟ್ಟೆಯಲ್ಲೇ ಇದೆ, ಕಾಲಿನ ಕರೆಂಟಿಗೆ ಅದು ಸಿಗುವುದಿಲ್ಲ, ಸೂತ್ರ ಅದನ್ನೂ ಕೊಬ್ಬಿಗೆ ಸೇರಿಸಿಬಿಡುತ್ತದೆ. ಸ್ನಾನ ಮಾಡಿ ಒದ್ದೆ ಕಾಲಲ್ಲಿ ನಿಂತರೆ ಕೊಬ್ಬು ಇಳಿಯಿತು. ಕೊನೆಗೆ ತಮಾಷೆಗೆ ಆಪ್‌ನಲ್ಲಿ ನನ್ನನ್ನು ಗಂಡಸು ಅಂತ ಬದಲಾಯಿಸಿದೆ, ಒಂದೇ ನಿಮಿಷದಲ್ಲಿ 29ಕ್ಕೆ ಬಂತು. ಮೂರು ತಿಂಗಳ ಜಿಮ್ ಫೀಸ್ ಉಳಿಯುತ್ತಿತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಮೇಡಂ, ಬ್ಯಾಟರಿ ತೆಗೆದು ಹಾಕಿ ನೋಡಿ' ಅಂದರು. ಬ್ಯಾಟರಿಯದ್ದು ಬೇರೆಯೇ ತೊಂದರೆ. ಜುಲೈ ತೇವಕ್ಕೆ ಒಳಗಿನ ಸ್ಪ್ರಿಂಗ್ ಹಸಿರು ಹಿಡಿದು, ಒಂದು ದಿನ ಆನ್ ಆಗಲೇ ಇಲ್ಲ. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಸರಿಯಾಯಿತು. ನಮ್ಮ ಕಡೆಯವರು ಬಳಸದ ದಿನ ಬ್ಯಾಟರಿ ತೆಗೆದಿಡುವುದು ಒಳ್ಳೆಯದು.

ಇನ್ನೊಂದು ಗಂಭೀರ ವಿಷಯ. ಪೇಸ್‌ಮೇಕರ್ ಇರುವವರು, ಬಸುರಿಯರು ಇದನ್ನು ಬಳಸಬಾರದು ಅಂತ ಒಳಗಿನ ಕಾಗದದಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿದೆ. ಮಾವನಿಗೆ ಪೇಸ್‌ಮೇಕರ್ ಇದೆ. 'ಒಂದು ಸಲ ನಾನೂ ನಿಲ್ತೇನೆ' ಅಂತ ಚಪ್ಪಲಿ ಬಿಟ್ಟು ಬಂದವರನ್ನು ನಾನು ತಡೆದದ್ದು ಕಾಗದ ಓದಿದ್ದರಿಂದ. ಅದನ್ನು ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಹಾಕಲು ಇವರಿಗೇನು ಕಷ್ಟ? ಒಂದು ಸ್ಟಾರ್ ಇದಕ್ಕೇ ಕಿತ್ತಿದ್ದೇನೆ.

ಸರಿ, ಆಮೇಲೆ ಅಂದ ಕಥೆ. ನೀರು ನೀರು ಅಂತ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವ ಹಾಗಿಲ್ಲ. ಹಿತ್ತಲಲ್ಲಿ ಬೆಣ್ಣೆ ಹಣ್ಣಿನ ಮರ ಇದೆ, ಮಳೆಗಾಲದಲ್ಲಿ ಬಿದ್ದು ಹಾಳಾಗುವಷ್ಟು ಹಣ್ಣು. ರೊಟ್ಟಿ ಬಿಟ್ಟ ಬದಲಿಗೆ ದಿನಾ ಒಂದು ಹಣ್ಣು, ಒಂದು ಲೋಟ ಹಾಲು, ಎರಡು ಚಮಚ ಜೇನು ಹಾಕಿ ಮಿಕ್ಸಿಯಲ್ಲಿ ತಿರುವಿ ಕುಡಿಯುತ್ತಿದ್ದೆ. ಆರೋಗ್ಯ ಅಲ್ವಾ! 100 ಗ್ರಾಂ ಬೆಣ್ಣೆ ಹಣ್ಣಿನಲ್ಲಿ ಸುಮಾರು 160 ಕ್ಯಾಲರಿ, ನಮ್ಮ ಹಣ್ಣಿನ ತಿರುಳೇ 250 ಗ್ರಾಂ, ಅಲ್ಲಿಗೆ 400. ಜೇನು ದೊಡ್ಡ ಚಮಚಕ್ಕೆ 60ರ ಮೇಲೆ, ಕೊಡಗಿನ ಜೇನಾದರೂ ಅಷ್ಟೇ. ಸಂಜೆ ಪೇಪರ್ ತಿದ್ದುತ್ತಾ ಹುರಿದ ಕಡಲೆಕಾಯಿ, 100 ಗ್ರಾಂಗೆ 560ರ ಮೇಲೆ, ನಾನು ಡಬ್ಬಿಯನ್ನೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಗೋಡೌನ್‌ನಲ್ಲಿ ಒಂದು ಗಂಟೆ ಸುತ್ತಿದರೆ ಕರಗುವುದು ಸುಮಾರು 250. ಇದನ್ನು ಯಾವ ಮಷೀನೂ ಹೇಳಲಿಲ್ಲ, ಅಡುಗೆಮನೆಯ ಸಣ್ಣ ತಕ್ಕಡಿ ಹೇಳಿತು.

ಅಲ್ಲಿಂದ ಬೆಣ್ಣೆ ಹಣ್ಣು ಅರ್ಧ, ಉಪ್ಪು ಮೆಣಸು ಹಾಕಿ ಚಮಚದಲ್ಲಿ. ಕಡಲೆಕಾಯಿ ಒಂದು ಹಿಡಿ, ಡಬ್ಬಿ ಕಪಾಟಿಗೆ. ಅಕ್ಕಿ ರೊಟ್ಟಿ ವಾಪಸ್ ಬಂತು, ಎರಡು. ಪೇಟೆಯಲ್ಲಿ ₹20 ಕೊಟ್ಟು ಟೈಲರ್ ಟೇಪ್ ತಂದೆ. ಹೊಕ್ಕುಳ ಮಟ್ಟದಲ್ಲಿ ಸೊಂಟ 94 ಸೆಂ.ಮೀ. ಇದ್ದದ್ದು ಆಗಸ್ಟ್ ಕೊನೆಗೆ 89. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕು ಅನ್ನುತ್ತಾರೆ, ಇನ್ನೂ ದೂರ ಇದೆ. ತೂಕ 70.1. ಅಂದರೆ ಮೂರು ತಿಂಗಳಿಗೆ ಬರೀ 1.1 ಕೆಜಿ, ಆದರೆ ಹಬ್ಬದ ಬ್ಲೌಸ್ ಹುಕ್ ಬಿದ್ದಿದೆ.

ಸೆಪ್ಟೆಂಬರ್ 3ಕ್ಕೆ ಪಕ್ಕದ ಮನೆಯವರು ಕೊಡವರ ಕೈಲ್‌ಪೊಳ್ದ್ ಹಬ್ಬದ ಊಟಕ್ಕೆ ಕರೆದಿದ್ದರು. ಕಡಂಬಿಟ್ಟು ಅನ್ನುವ ಅಕ್ಕಿ ಕಡುಬು, ಕಾಚಂಪುಳಿಯ ಹುಳಿ ಹಾಕಿದ ಪಂದಿಕರಿ (ಹಂದಿ ಸಾರು), ಎರಡು ಸಲ ಹಾಕಿಸಿಕೊಂಡೆ. ಮರುದಿನ 71.3. ಆಪ್ ಕೆಂಪು ಬಾಣ ತೋರಿಸಿತು, ನಾನು ಅದನ್ನು ಡಿಲೀಟ್ ಮಾಡಿದೆ. ನಾಲ್ಕು ದಿನಕ್ಕೆ ತೂಕ ತಾನಾಗಿ ಇಳಿಯಿತು.

ಆಪ್ ಇಲ್ಲದೆಯೂ ಗಾಜಿನ ಮೇಲೆ ತೂಕ ಬರುತ್ತದೆ, ನನಗೆ ಅಷ್ಟು ಸಾಕು. ಭಾನುವಾರ ಬೆಳಿಗ್ಗೆ, ಕಾಫಿಗೆ ಮೊದಲು, ಟೈಲ್ಸ್ ಮೇಲೆ, ವಾರಕ್ಕೆ ಒಂದೇ ಸಲ. ತೂಕಕ್ಕೆ ಐದರಲ್ಲಿ ನಾಲ್ಕು, ಆಪ್‌ಗೆ ಒಂದು, ಸರಾಸರಿ ಎರಡೂವರೆ. ಇನ್ನೂ ತಗೊಂಡಿಲ್ಲ ಅಂದರೆ ಅರ್ಧ ಬೆಲೆಗೆ ಸಿಗುವ ಸಾದಾ ಡಿಜಿಟಲ್ ಮಷೀನ್ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಟೇಪ್ ಬರುತ್ತದೆ. ನಮ್ಮದನ್ನು ಬರುವ ಕೊಯ್ಲಿಗೆ ಕರಿಮೆಣಸಿನ ಚೀಲ ತೂಗಲು ಮಾವ ಈಗಲೇ ಕೇಳಿಟ್ಟಿದ್ದಾರೆ.