ಹದಿನೇಳಕ್ಕೆ ಟೆನಿಸ್: ನೇರ ಟೂರ್‌ಗಾ, ಅಮೆರಿಕದ ಕಾಲೇಜಿಗಾ?

ಮಕ್ಕಳು ಜೂನಿಯರ್ ಟೆನಿಸ್‌ನಲ್ಲಿ ಗೆಲ್ಲುತ್ತಿದ್ದರೆ ಪಿಯುಸಿ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ.

ನೇರ ಟೂರ್‌ಗೆ, ಅಂದರೆ ವೃತ್ತಿಪರ ಟೂರ್ನಿಗಳಿಗೆ ಇಳಿದರೆ ಹುಡುಗರ ಮೊದಲ ಮೆಟ್ಟಿಲು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ (ಐಟಿಎಫ್‌) ನಡೆಸುವ ಎಂ15 ಟೂರ್ನಿಗಳು. ಅಲ್ಲಿನ ಬಹುಮಾನ 15,000 ಡಾಲರ್. ಅದು ಗೆದ್ದವನೊಬ್ಬನಿಗಲ್ಲ, ಎಲ್ಲರಿಗೂ ಸೇರಿ! ಮೊದಲ ಸುತ್ತಿನಲ್ಲೇ ಸೋತರೆ ವಾರದ ಹೋಟೆಲ್ ಖರ್ಚೂ ಹುಟ್ಟುವುದಿಲ್ಲ. ವಿಮಾನ, ಕೋಚ್, ಊಟ ಎಲ್ಲ ಮನೆಯ ದುಡ್ಡು. ಸುಮಿತ್ ನಾಗಲ್ 2023ರಲ್ಲಿ ದೇಶದ ನಂಬರ್ ಒನ್ ಆಗಿದ್ದಾಗಲೇ ತಮ್ಮ ಖಾತೆಯಲ್ಲಿ 900 ಯೂರೋ ಇದೆ ಎಂದಿದ್ದರು. ಓದಿ ನನಗೆ ಸಂಕಟವಾಗಿತ್ತು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ ಇಡೀ ಜಗತ್ತಿಗೆ ಇರುವುದು 128 ಜಾಗ.

ಕಾಲೇಜಿನಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಓದು, ಕೋಚಿಂಗ್, ಜಿಮ್, ತಂಡದ ಪ್ರಯಾಣ ಎಲ್ಲ ನಡೆಯುತ್ತದೆ. ಗಾಯವಾದರೂ ಕೈಯಲ್ಲಿ ಡಿಗ್ರಿ ಇರುತ್ತದೆ. ಆಟ ಹಿಂದೆ ಬೀಳುತ್ತದೆ ಅನ್ನುವುದು ಹಳೇ ಮಾತು. ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮದೇವ್ ದೇವವರ್ಮನ್ 2007 ಮತ್ತು 2008ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಸಿಂಗಲ್ಸ್ ಗೆದ್ದು, ಮುಂದೆ ವಿಶ್ವದ 62ನೇ ರ‍್ಯಾಂಕ್ ಮುಟ್ಟಿದರು. ಅಮೆರಿಕದ ಬೆನ್ ಶೆಲ್ಟನ್ 2022ರಲ್ಲಿ ಅದೇ ಪ್ರಶಸ್ತಿ ಗೆದ್ದು, ಮರುವರ್ಷವೇ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್ ಆಡಿದರು.

ಅವಸರವೂ ಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43, ಅಲ್ವಾ?

ಹದಿನೇಳಕ್ಕೇ ದೊಡ್ಡವರ ಐಟಿಎಫ್ ಫೈನಲ್‌ಗಳಿಗೆ ಹೋಗುತ್ತಿದ್ದು, ಎರಡು ಮೂರು ವರ್ಷ ಖರ್ಚು ಹೊರುವ ಪ್ರಾಯೋಜಕರಿದ್ದರೆ ಟೂರ್‌ಗೆ ಹೋಗಲಿ. ಉಳಿದವರಿಗೆ ನಾನು ಕಾಲೇಜೇ ಹೇಳುವುದು. ಒಂದೇ ಎಚ್ಚರ: ಬಹುಮಾನದ ಹಣ ಮುಟ್ಟುವ ಮೊದಲು ಎನ್‌ಸಿಎಎ ನಿಯಮ ಓದಿಕೊಳ್ಳಿ.