ವಿಂಚ್ ಮೋಟಾರಿಗೆ ಪೇಂಟಾ, ಲ್ಯಾನೊಲಿನ್ನಾ, ಗ್ರೀಸ್ ಪಟ್ಟಿಯಾ?

ಲಂಗರು ಎತ್ತುವ ವಿಂಚಿನ ಮೋಟಾರು ಇಡೀ ಬೋಟಿನಲ್ಲೇ ಕೆಟ್ಟ ಜಾಗದಲ್ಲಿ ಕೂತಿರುತ್ತದೆ. ಒದ್ದೆ ಸರಪಳಿ ಪಕ್ಕದಲ್ಲೇ ಇಳಿಯುತ್ತದೆ, ಉಪ್ಪುನೀರು ತೊಟ್ಟಿಕ್ಕುತ್ತದೆ, ಮುಚ್ಚಳ ಹಾಕಿದರೆ ಗಾಳಿಯೂ ಆಡುವುದಿಲ್ಲ. ಅಲ್ಲಿ ಉಕ್ಕಿನ ಕವಚ ಇದ್ದರೆ ತುಕ್ಕು ಹಿಡಿಯದೇ ಇರುತ್ತದಾ? ಒಂದೇ ಮೋಟಾರಿಗೆ ಬೇರೆ ಬೇರೆ ವರ್ಷ ಮೂರು ಉಪಾಯ ಮಾಡಿ ನೋಡಿದ್ದೇನೆ.

ಮೊದಲು ಪೇಂಟ್. ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಪೇಂಟ್. ಒಂದು ವರ್ಷ ಹೊಸ ಮೋಟಾರಿನ ಹಾಗೇ ಇತ್ತು. ಎರಡನೇ ವರ್ಷ ಬೋಲ್ಟಿನ ಹತ್ತಿರ ಕಡಲೆಕಾಳಿನಷ್ಟು ಗುಳ್ಳೆ ಕಾಣಿಸಿತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಪೇಂಟ್ ಸಿಪ್ಪೆಯ ಹಾಗೆ ಎದ್ದು ಬಂತು, ಒಳಗಿಂದ ಕಂದು ನೀರು ಇಳಿಯಿತು. ಕೆಳಗೆ ಅಂಗೈಯಗಲ ತುಕ್ಕು! ಬೋಲ್ಟ್ ಬಿಗಿಯುವಾಗ ಪೇಂಟ್ ಗೀರಿತ್ತು, ನೀರು ಅಲ್ಲಿಂದ ನುಗ್ಗಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದೇ ಪೇಂಟನ್ನು ಮೇಲಕ್ಕೆ ತಳ್ಳುತ್ತದೆ. ಪೇಂಟಿನ ಮೇಲೆ ನನಗಿರುವ ದೊಡ್ಡ ತಕರಾರು ಇದೇ, ಹಾಳಾಗುತ್ತಿರುವುದನ್ನು ಅದು ಮುಚ್ಚಿಡುತ್ತದೆ.

ಆಮೇಲೆ ಲ್ಯಾನೊಲಿನ್ ಸ್ಪ್ರೇ, ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಹಚ್ಚುವುದು ಐದು ನಿಮಿಷದ ಕೆಲಸ. ಬೋಲ್ಟಿನ ಸಂದುಗೊಂದಿಗೂ ಇಳಿಯುತ್ತದೆ, ಅಷ್ಟರ ಮಟ್ಟಿಗೆ ಪೇಂಟಿಗಿಂತ ವಾಸಿ. ಆದರೆ ಸರಪಳಿಯ ನೀರು ನೇರವಾಗಿ ಬೀಳುವ ಕಡೆ ಮೂರ್ನಾಲ್ಕು ತಿಂಗಳಿಗೇ ತೊಳೆದುಹೋಯಿತು. ಮತ್ತೆ ಮತ್ತೆ ಹೊಡೆಯುವ ತಾಳ್ಮೆ ಇದ್ದರೆ ಸರಿ. ಒಂದು ಎಚ್ಚರಿಕೆ, ಮೋಟಾರಿನ ಒಳಗೆ ಮಾತ್ರ ಹೊಡೆಯಬೇಡಿ. ಕಾರ್ಬನ್ ಬ್ರಶ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಸವೆದು ಉದುರಿದ ಪುಡಿ ಈ ಜಿಡ್ಡಿನ ಜೊತೆ ಸೇರಿ ಕಪ್ಪು ಅಂಟಾಗುತ್ತದೆ.

ಮೂರನೆಯದು ಗ್ರೀಸ್ ಪಟ್ಟಿ. ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡಿನಲ್ಲಿ ನೆನೆಸಿದ ಬಟ್ಟೆಯ ಪಟ್ಟಿ ಇದು, ನೆಲದೊಳಗಿನ ಉಕ್ಕಿನ ಪೈಪುಗಳಿಗೆ ಸುತ್ತುತ್ತಾರಲ್ಲ, ಅದೇ. ವೈರ್ ಬ್ರಶ್‌ನಲ್ಲಿ ಸಡಿಲ ತುಕ್ಕು ಉಜ್ಜಿ ತೆಗೆದೆ. ಸಿಹಿನೀರಿನಲ್ಲಿ ಉಪ್ಪು ತೊಳೆದು ಪೂರ್ತಿ ಒಣಗಿಸಿದೆ. ಪಟ್ಟಿಯ ಜೊತೆ ಬರುವ ಪೇಸ್ಟನ್ನು ಕೈಯಲ್ಲೇ ಮೆತ್ತಿ, ಕೆಳಗಿನಿಂದ ಮೇಲಕ್ಕೆ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವ ಹಾಗೆ ಸುತ್ತಿದೆ. ಹೀಗೆ ಸುತ್ತಿದರೆ ಹೆಂಚಿನ ಮೇಲಿನ ಮಳೆಯ ಹಾಗೆ ನೀರು ಜಾರಿಹೋಗುತ್ತದೆ. ಕೈ, ಬಟ್ಟೆ ಎಲ್ಲ ಜಿಡ್ಡು, ಅದಂತೂ ತಪ್ಪಿದ್ದಲ್ಲ. ಎರಡು ವರ್ಷದ ನಂತರ ಗೇಣುದ್ದ ಸೀಳಿ ನೋಡಿದೆ. ಪೇಸ್ಟ್ ಇನ್ನೂ ಮೆತ್ತಗಿತ್ತು. ನಾನು ಒತ್ತಿದ್ದ ಹೆಬ್ಬೆರಳಿನ ಗುರುತು ಹಾಗೇ ಇತ್ತು, ಹೊಸ ತುಕ್ಕಿನ ಚುಕ್ಕೆಯೂ ಇರಲಿಲ್ಲ. ನಿಜವಾಗಿಯೂ ಖುಷಿಯಾಯಿತು.

ಸುತ್ತಿದರೆ ಮೋಟಾರು ಬಿಸಿಯಾಗಲ್ವಾ ಅಂತ ನನಗೂ ಅನುಮಾನ ಇತ್ತು. ವಿಂಚ್ ಒಂದು ಸಲಕ್ಕೆ ಕೆಲವೇ ನಿಮಿಷ ಓಡುತ್ತದೆ, ತೊಂದರೆ ಆಗಲಿಲ್ಲ. ಕವಚದ ಅಡಿಯಲ್ಲಿ ನೀರು ಹೋಗುವ ತೂತಿದ್ದರೆ ಅದನ್ನು ಮುಚ್ಚಬೇಡಿ, ಅಷ್ಟೇ.

ಈಗ ಮೋಟಾರಿನ ಮೈಗೆ ಪಟ್ಟಿ, ಬೋಲ್ಟಿಗೆ ಮತ್ತು ಕೇಬಲ್ ಬಂದು ಸೇರುವ ಟರ್ಮಿನಲ್ಲಿನ ಹೊರಮೈಗೆ ಲ್ಯಾನೊಲಿನ್. ಪೇಂಟ್ ಹೊಡೆಯುವುದಾದರೆ ಮೋಟಾರು ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದ ಮೇಲೆಯೇ.

ಟರ್ಮಿನಲ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. 12 ವೋಲ್ಟಿನಲ್ಲಿ 1,000 ವಾಟ್ ಎಳೆಯುವ ಮೋಟಾರಿಗೆ 80 ಆಂಪಿಯರ್‌ಗೂ ಮೇಲೆ ಕರೆಂಟ್ ಬೇಕು. ತಾಮ್ರದ ಮೇಲೆ ಸ್ವಲ್ಪ ಹಸಿರು ಕಿಲುಬು ಹಿಡಿದರೂ ಸಾಕು, ವೋಲ್ಟೇಜ್ ಅಲ್ಲೇ ಸೋರಿಹೋಗಿ ಮೋಟಾರು ಏದುಸಿರು ಬಿಡುತ್ತದೆ. ಲಂಗರು ಎತ್ತಿದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಕೇಬಲ್ ಲಗ್ಗಿನ (ಕೇಬಲ್ ತುದಿಗೆ ಕೂರಿಸಿದ ಲೋಹದ ಬಳೆ) ಹತ್ತಿರ ಕೈ ಹಿಡಿದು ನೋಡಿ. ಉಳಿದ ಕೇಬಲ್ ತಣ್ಣಗಿದ್ದು ಅಲ್ಲಿ ಮಾತ್ರ ಬಿಸಿ ಇದ್ದರೆ ಆ ಜೋಡಣೆ ಕೆಟ್ಟಿದೆ, ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ. ಹಾಗೇ ಗೇರ್ ಬಾಕ್ಸಿನ ಆಯಿಲ್ಲೂ ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ಶಾಫ್ಟಿನ ಸೀಲ್ ಹೋಗಿದೆ, ನೀರು ಒಳಗೆ ಇಳಿಯುತ್ತಿದೆ. ಮೊದಲು ಆ ಸೀಲ್ ಬದಲಿಸಿ, ಪಟ್ಟಿ ಸುತ್ತುವುದೆಲ್ಲ ಆಮೇಲೆ.